ಕವಾಯತಿನ ಗಂಟೆಯೂ ಪಾಠದ ಗಂಟೆಯೆ

ಪ್ರೌಢಶಾಲೆಯ ವೇಳಾಪಟ್ಟಿಯಲ್ಲಿ ಎಲ್ಲಕ್ಕಿಂತ ಸುಲಭವಾಗಿ ಕಳವಾಗುವ ಗಂಟೆ ಯಾವುದೆಂದು ಯಾವ ವಿದ್ಯಾರ್ಥಿಯನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆ: ಆಟದ ಗಂಟೆ. ಗಣಿತದ ಪಾಠ ಹಿಂದೆ ಬಿದ್ದಿದ್ದರೆ ಅದು ಗಣಿತಕ್ಕೆ ಸಲ್ಲುತ್ತದೆ. ವಿಜ್ಞಾನದವರು ಕಿರುಪರೀಕ್ಷೆ ನಡೆಸಬೇಕಾಗಿದ್ದರೆ ವಿಜ್ಞಾನಕ್ಕೆ ಸಲ್ಲುತ್ತದೆ. ಮಳೆ ಬಂದರೆ ಯಾರಿಗೂ ಸಲ್ಲದೆ ಗಲಾಟೆಯಲ್ಲಿ ಕಳೆದುಹೋಗುತ್ತದೆ. ಹತ್ತನೆಯ ತರಗತಿಯಲ್ಲಂತೂ ದಸರೆಯ ರಜ ಮುಗಿಯುವ ವೇಳೆಗೆ ಅದು ಹೆಸರಿಗಷ್ಟೇ ಉಳಿದಿರುವುದು ಎಷ್ಟೋ ಕಡೆ ಕಾಣುವ ಸಂಗತಿ. ತಾಯ್ತಂದೆಯರು ಇದಕ್ಕಾಗಿ ಶಾಲೆಯನ್ನು ದೂರುವುದಿಲ್ಲ. "ಪಬ್ಲಿಕ್ ಪರೀಕ್ಷೆಯ ವರ್ಷ, ಆಟಕ್ಕೆ ಆಮೇಲೆ ಬೇಕಾದಷ್ಟು ಕಾಲವಿದೆ" ಎಂದು ಸಮಾಧಾನಪಡುತ್ತಾರೆ.

ಈ "ಆಮೇಲೆ" ಎಂಬ ಮಾತನ್ನು ಸ್ವಲ್ಪ ವಿಚಾರಿಸಿ ನೋಡಬೇಕೆಂಬುದೇ ಈ ಲೇಖನದ ಉದ್ದೇಶ. ಓದಿನಲ್ಲಿ ಆಮೇಲೆ ಎಂಬುದು ಉಂಟು. ಹದಿನೈದರಲ್ಲಿ ತಿಳಿಯದ ಸಮಾಸವನ್ನು ಇಪ್ಪತ್ತೈದರಲ್ಲಿ ತಿಳಿಯಬಹುದು; ಒಮ್ಮೆ ತಪ್ಪಿದ ಪರೀಕ್ಷೆಗೆ ಮತ್ತೊಮ್ಮೆ ಕೂರಬಹುದು. ಆದರೆ ಮೈಗೆ ಸಂಬಂಧಿಸಿದ ಕೆಲವು ಕೆಲಸಗಳು ಹನ್ನೊಂದರಿಂದ ಹದಿನೆಂಟರ ನಡುವೆ ನಡೆದರೆ ನಡೆದಂತೆ. ಆ ಕಾಲ ದಾಟಿದ ಮೇಲೆ ಅವನ್ನು ಪೂರ್ತಿಯಾಗಿ ಮಾಡಿಸಿಕೊಳ್ಳಲು ಯಾವ ಔಷಧದಿಂದಲೂ ಆಗದು.

ಕನ್ನಡ ಪಂಡಿತನಿಗೆ ಕವಾಯತಿನ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ಆ ಶಬ್ದದಲ್ಲಿಯೇ ಅದಕ್ಕೆ ಉತ್ತರವಿದೆ. ಕವಾಯತು ಎಂಬುದು ಅರಬ್ಬಿಯ ಮೂಲದಿಂದ ಹಿಂದೂಸ್ತಾನಿಯ ಮೂಲಕ ನಮ್ಮಲ್ಲಿಗೆ ಬಂದ ಮಾತು. ಅದರ ಮೂಲಾರ್ಥ ಕಟ್ಟಳೆಗಳು, ನಿಯಮಗಳು ಎಂದು. ಉರ್ದುವಿನಲ್ಲಿ ವ್ಯಾಕರಣಕ್ಕೂ ಇದೇ ಹೆಸರು. ಭಾಷೆಯ ಕಟ್ಟಳೆ ವ್ಯಾಕರಣವಾದರೆ ಮೈಯ ಕಟ್ಟಳೆ ಕವಾಯತು. ಒಂದನ್ನು ಕಲಿಸುವವನು ಇನ್ನೊಂದರ ಪರವಾಗಿ ನಾಲ್ಕು ಮಾತು ಆಡಿದರೆ ಅದು ಅಧಿಕಪ್ರಸಂಗವಾಗಲಾರದು.

ಹರೆಯದ ಹಂಗಾಮು

ಬಿತ್ತನೆಗೆ ಹಂಗಾಮು ಇರುವಂತೆ ಮೈಯ ಬೆಳವಣಿಗೆಗೂ ಹಂಗಾಮು ಉಂಟು. ಹುಟ್ಟಿದ ಮೊದಲ ಒಂದೆರಡು ವರ್ಷಗಳನ್ನು ಬಿಟ್ಟರೆ ಮನುಷ್ಯನು ಅತ್ಯಂತ ವೇಗವಾಗಿ ಬೆಳೆಯುವುದು ಹರೆಯದಲ್ಲಿ. ಈ ವೇಗ ಹುಡುಗಿಯರಲ್ಲಿ ಸಾಮಾನ್ಯವಾಗಿ 12 ವರ್ಷದ ಸುಮಾರಿಗೂ ಹುಡುಗರಲ್ಲಿ 14ರ ಸುಮಾರಿಗೂ ತುತ್ತತುದಿಯನ್ನು ಮುಟ್ಟುತ್ತದೆ. ಆ ಒಂದೇ ವರ್ಷದಲ್ಲಿ 8-9 ಸೆಂಟಿಮೀಟರ್ ಎತ್ತರವಾಗುವುದು ವಿಶೇಷವೇನೂ ಅಲ್ಲ. ಏಳನೆಯ ತರಗತಿಯಲ್ಲಿ ಹುಡುಗಿಯರು ಹುಡುಗರಿಗಿಂತ ಎತ್ತರವಾಗಿ ಕಾಣುವುದು, ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಲೆಕ್ಕ ಬದಲಾಗುವುದು ಈ ಕಾರಣದಿಂದಲೆ. ಒಬ್ಬರು ಬೇಗ, ಒಬ್ಬರು ತಡವಾಗಿ ಬೆಳೆಯುತ್ತಾರೆ; ಎರಡೂ ಸಹಜ. ಒಂಬತ್ತನೆಯ ತರಗತಿಯಲ್ಲಿ ಕುಳ್ಳಗಿರುವ ಹುಡುಗ ಕೊನೆಯವರೆಗೂ ಕುಳ್ಳನಾಗಿಯೇ ಉಳಿಯುತ್ತಾನೆಂದು ಹೇಳಲು ಬರುವುದಿಲ್ಲ.

ಈ ಕಾಲದಲ್ಲಿ ಎಲುಬು ಮೊದಲು ಉದ್ದವಾಗುತ್ತದೆ, ಸ್ನಾಯುವಿನ ಬಲ ಅದರ ಹಿಂದೆ ಬರುತ್ತದೆ. ನಿನ್ನೆಯವರೆಗೆ ಚುರುಕಾಗಿದ್ದ ಹುಡುಗ ಇಂದು ಕಾಲು ತೊಡರಿ ಬೀಳುತ್ತಾನೆ, ಕೈಯಲ್ಲಿದ್ದ ಲೋಟ ಚೆಲ್ಲುತ್ತಾನೆ. ಮನೆಯವರು "ಮೈಮೇಲೆ ಎಚ್ಚರವಿಲ್ಲ" ಎಂದು ಗದರುತ್ತಾರೆ. ಎಚ್ಚರವಿಲ್ಲದೆ ಅಲ್ಲ, ಹೊಸದಾಗಿ ಉದ್ದವಾದ ಕೈಕಾಲುಗಳ ಅಳತೆ ಅವನಿಗೆ ಇನ್ನೂ ಅಭ್ಯಾಸವಾಗಿಲ್ಲ, ಅಷ್ಟೆ. ಓಡಿ ನೆಗೆದು ಆಡುವ ಕೆಲವು ಮಕ್ಕಳಿಗೆ ಮೊಣಕಾಲ ಚಿಪ್ಪಿನ ಕೆಳಗೆ ಗಂಟಿನಂತೆ ಉಬ್ಬಿ ನೋವು ಬರುವುದೂ ಈ ವಯಸ್ಸಿನಲ್ಲಿಯೆ. ಬೆಳೆಯುತ್ತಿರುವ ಎಲುಬಿಗೆ ಸ್ನಾಯುರಜ್ಜು ಅಂಟಿಕೊಂಡಿರುವ ಕಡೆ ಎಳೆತ ಹೆಚ್ಚಾದದ್ದು ಅದಕ್ಕೆ ಕಾರಣ. ಕೆಲವು ದಿನ ನೆಗೆತ ಕಡಿಮೆ ಮಾಡಿದರೆ ತಗ್ಗುತ್ತದೆ, ಬೆಳವಣಿಗೆ ನಿಂತ ಮೇಲೆ ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ. ಕುಂಟುವಷ್ಟು ನೋವಿದ್ದರೆ ಮಾತ್ರ ವೈದ್ಯರಿಗೆ ತೋರಿಸಬೇಕು.

ಇನ್ನು ಮುಖ್ಯವಾದ ಮಾತು. ನಮ್ಮ ಬಯಲುಸೀಮೆಯ ಹಳೆಯ ಮನೆಗಳಲ್ಲಿ ರಾಗಿ ತುಂಬಿಡುವ ಹಗೇವುಗಳಿದ್ದುವು. ಸುಗ್ಗಿಯಲ್ಲಿ ತುಂಬಿದ್ದೇ ಬರಗಾಲಕ್ಕೆ ಆಧಾರ. ನಮ್ಮ ಎಲುಬೂ ಅಂಥ ಒಂದು ಹಗೇವು. ಮನುಷ್ಯನ ಎಲುಬಿನಲ್ಲಿ ಒಟ್ಟು ಎಷ್ಟು ಸಾರ ಸೇರಬೇಕೋ ಅದರ ನೂರಕ್ಕೆ ತೊಂಬತ್ತರಷ್ಟು ಹುಡುಗಿಯರಲ್ಲಿ 18ರ, ಹುಡುಗರಲ್ಲಿ 20ರ ವಯಸ್ಸಿನ ಹೊತ್ತಿಗೆ ಸೇರಿ ಮುಗಿದಿರುತ್ತದೆ. ಮೂವತ್ತು ದಾಟಿದ ಮೇಲೆ ತುಂಬುವುದಕ್ಕಿಂತ ತೆಗೆಯುವುದೇ ಹೆಚ್ಚು. ಅರವತ್ತರಲ್ಲಿ ಬಚ್ಚಲಲ್ಲಿ ಜಾರಿ ಬಿದ್ದ ಅಜ್ಜಿಯ ಸೊಂಟದ ಎಲುಬು ಮುರಿಯುವುದೋ ಉಳಿಯುವುದೋ ಎಂಬುದು ಬಹುಮಟ್ಟಿಗೆ ಅವಳು ಹದಿನಾಲ್ಕರಲ್ಲಿ ಏನು ಉಂಡಳು, ಎಷ್ಟು ಕುಣಿದಾಡಿದಳು ಎಂಬುದರ ಮೇಲೆ ನಿಂತಿದೆ.

ಹಗೇವು ತಾನಾಗಿ ತುಂಬುವುದಿಲ್ಲ. ಅದಕ್ಕೆ ಎರಡು ಬೇಕು: ಆಹಾರದಲ್ಲಿ ಸುಣ್ಣದ ಅಂಶ, ಮತ್ತು ಎಲುಬಿನ ಮೇಲೆ ಭಾರ. ಓಡುವಾಗ, ನೆಗೆಯುವಾಗ ಪಾದ ನೆಲಕ್ಕೆ ಬಡಿಯುವ ಪ್ರತಿಯೊಂದು ಪೆಟ್ಟೂ "ಇಲ್ಲಿ ಗಟ್ಟಿಮಾಡು" ಎಂದು ಎಲುಬಿಗೆ ಕೊಟ್ಟ ಅಪ್ಪಣೆ. ಕುಳಿತೇ ಬೆಳೆದ ಮಗುವಿನ ಎಲುಬಿಗೆ ಈ ಅಪ್ಪಣೆ ಹೋಗುವುದಿಲ್ಲ. ಕುಂಟೆಬಿಲ್ಲೆ, ಹಗ್ಗ ನೆಗೆತ, ಲಗೋರಿ, ಖೋ ಖೋ ಮುಂತಾದ ನಮ್ಮ ಆಟಗಳೆಲ್ಲ ಹೆಚ್ಚಾಗಿ ನೆಗೆತದ, ಓಟದ ಆಟಗಳು.

ಎಷ್ಟು ಬೇಕು, ಹೇಗೆ ಅಳೆಯಬೇಕು

5ರಿಂದ 17 ವರ್ಷದವರೆಗಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರಿನ ವೇಗ ಏರುವಂತೆ ಮೈ ಆಡಿಸಬೇಕು. ವಾರದಲ್ಲಿ ಮೂರು ದಿನವಾದರೂ ಸ್ನಾಯು ಮತ್ತು ಎಲುಬುಗಳನ್ನು ಬಲಪಡಿಸುವ ಸಾಧನೆ ಅದರಲ್ಲಿ ಸೇರಿರಬೇಕು. ಇದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಮಾಣ. ಇದು ಎಷ್ಟು ಜನಕ್ಕೆ ದಕ್ಕುತ್ತಿದೆ? 2016ರವರೆಗೆ ಹಲವು ದೇಶಗಳಲ್ಲಿ ಕಲೆಹಾಕಿದ ಲೆಕ್ಕದಂತೆ, 11ರಿಂದ 17 ವಯಸ್ಸಿನ ಶಾಲಾ ಮಕ್ಕಳಲ್ಲಿ ನೂರಕ್ಕೆ 81 ಮಂದಿಗೆ ದಕ್ಕುತ್ತಿರಲಿಲ್ಲ. ಹುಡುಗರಲ್ಲಿ 78, ಹುಡುಗಿಯರಲ್ಲಿ 85.

ಉಸಿರಿನ ವೇಗವನ್ನು ಅಳೆಯಲು ಯಂತ್ರ ಬೇಕಿಲ್ಲ, ನಾಲಗೆ ಸಾಕು. ಮಾತನಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎನ್ನುವಷ್ಟು ಉಸಿರಾಟವಿದ್ದರೆ ಅದು ಮಧ್ಯಮ ವ್ಯಾಯಾಮ. ಎರಡು ಮೂರು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳಬೇಕಾಗಿ ಬಂದರೆ ಅದು ತೀವ್ರ ವ್ಯಾಯಾಮ. ನಾಡಿ ಎಣಿಸುವುದನ್ನೂ ಪ್ರತಿಯೊಬ್ಬ ವಿದ್ಯಾರ್ಥಿ ಕಲಿತಿರಬೇಕು. ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನಲ್ಲಿ ತೋರುಬೆರಳು, ನಡುಬೆರಳುಗಳನ್ನಿಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಆಯಿತು. ಸುಮ್ಮನೆ ಕುಳಿತಾಗ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100ರ ಒಳಗೆ ಇರುತ್ತದೆ. ಓಡಿದ ಒಡನೆ ಎಷ್ಟಿತ್ತು, ಎರಡು ನಿಮಿಷದ ತರುವಾಯ ಎಷ್ಟಕ್ಕೆ ಇಳಿಯಿತು ಎಂಬುದನ್ನು ತಿಂಗಳಿಗೊಮ್ಮೆ ಬರೆದಿಟ್ಟುಕೊಂಡರೆ ತನ್ನ ಹೃದಯ ಬಲಗೊಳ್ಳುವ ಬಗೆಯನ್ನು ಮಗುವೇ ಕಣ್ಣಾರೆ ಕಾಣುತ್ತದೆ. ಅಭ್ಯಾಸವಾದಂತೆಲ್ಲ ನಾಡಿ ಬೇಗ ಬೇಗ ಇಳಿಯುತ್ತದೆ.

ನಲವತ್ತು ನಿಮಿಷದ ಗಂಟೆಯನ್ನು ಹೀಗೆ ಹಂಚಬಹುದು. ಮೊದಲ ಐದು ನಿಮಿಷ ನಿಧಾನದ ಓಟ, ಕೈಕಾಲು ತಿರುಗಿಸುವುದು. ಮುಂದಿನ ಹತ್ತು ನಿಮಿಷ ಬಸ್ಕಿ, ದಂಡ, ಹಗ್ಗ ನೆಗೆತ. ಇಪ್ಪತ್ತು ನಿಮಿಷ ಆಟ. ಕೊನೆಯ ಐದು ನಿಮಿಷ ನಡಿಗೆ, ಮೈ ಚಾಚುವಿಕೆ, ನೀರು. ವ್ಯಾಯಾಮ ಎಂಬ ಶಬ್ದಕ್ಕೇ ಚಾಚುವುದು, ವಿಸ್ತರಿಸುವುದು ಎಂಬ ಅರ್ಥವಿದೆ. ಯೋಗಾಸನಗಳು ಈ ಚಾಚುವಿಕೆಗೂ ಸಮತೋಲಕ್ಕೂ ಬಹಳ ಒಳ್ಳೆಯವು. ಮೈಸೂರಿನ ಅರಮನೆಯ ಆಶ್ರಯದಲ್ಲಿ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರ "ಯೋಗಮಕರಂದ" 1934ರಲ್ಲಿ ಮೊದಲು ಪ್ರಕಟವಾದದ್ದು ಕನ್ನಡದಲ್ಲಿಯೆ. ಆದರೆ ಆಸನ ಮಾಡಿದ್ದೇವೆಂದು ಓಟವನ್ನು ಬಿಡಬಾರದು. ಒಂದರ ಕೆಲಸ ಇನ್ನೊಂದರಿಂದ ಆಗುವುದಿಲ್ಲ.

ಅರವತ್ತು ಮಕ್ಕಳಿಗೆ ಒಂದೇ ಚೆಂಡು ಕೊಟ್ಟರೆ ಹನ್ನೆರಡು ಮಂದಿ ಆಡುತ್ತಾರೆ, ಉಳಿದವರು ಗೋಡೆಯ ಮೇಲೆ ಕುಳಿತು ನೋಡುತ್ತಾರೆ. ಆಟದ ಗಂಟೆ ಇರುವುದು ತಂಡ ಆರಿಸಿ ಪಂದ್ಯ ಗೆಲ್ಲುವುದಕ್ಕೆ ಮಾತ್ರ ಅಲ್ಲ. ಹತ್ತು ಹತ್ತು ಮಂದಿಯ ಆರು ಗುಂಪು ಮಾಡಿ, ಒಂದು ಗುಂಪಿಗೆ ಹಗ್ಗ, ಒಂದಕ್ಕೆ ಲಗೋರಿ, ಒಂದಕ್ಕೆ ಕಬಡ್ಡಿ, ಒಂದಕ್ಕೆ ಕುಂಟೆಬಿಲ್ಲೆ, ಒಂದಕ್ಕೆ ಉದ್ದಜಿಗಿತ, ಒಂದಕ್ಕೆ ಓಟ ಎಂದು ಗೊತ್ತುಮಾಡಿ ಐದು ನಿಮಿಷಕ್ಕೊಮ್ಮೆ ಗುಂಪು ಬದಲಿಸಿದರೆ ಕುಳಿತು ನೋಡುವವರೇ ಇರುವುದಿಲ್ಲ. ಖರ್ಚು ಒಂದು ಹೊರೆ ಹಗ್ಗದ್ದು. ಕಬಡ್ಡಿಯನ್ನು ಹಳ್ಳಿಯಾಟವೆಂದು ಕಡೆಗಣಿಸುವವರು ಅದು 1990ರಿಂದ ಏಷ್ಯಾ ಕ್ರೀಡಾಕೂಟದ ಆಟವಾಗಿದೆ ಎಂಬುದನ್ನು ನೆನೆಯಬೇಕು.

ಬಸ್ಕಿ ದಂಡನೆಯಲ್ಲ

ಇಲ್ಲಿ ನಮ್ಮ ಶಾಲೆಗಳ ಹಳೆಯ ರೂಢಿಯೊಂದನ್ನು ಹೇಳಲೇಬೇಕು. ಮನೆಪಾಠ ಬರೆಯದವನಿಗೆ ಇಪ್ಪತ್ತು ಬಸ್ಕಿ, ತಡವಾಗಿ ಬಂದವನಿಗೆ ಮೈದಾನದ ಸುತ್ತ ಮೂರು ಸುತ್ತು, ಗಲಾಟೆ ಮಾಡಿದವನಿಗೆ ಆಟದ ಗಂಟೆಯಲ್ಲಿ ಒಳಗೇ ಕೂರುವುದು. ಮೊದಲ ಎರಡರಿಂದ ವ್ಯಾಯಾಮವೇ ಒಂದು ಶಿಕ್ಷೆಯೆಂದು ಮಗು ಕಲಿಯುತ್ತದೆ. ಮೂರನೆಯದರಿಂದ, ಯಾವ ಮಗುವಿಗೆ ಓಡಾಟ ಎಲ್ಲರಿಗಿಂತ ಹೆಚ್ಚು ಬೇಕಾಗಿದೆಯೋ ಅದಕ್ಕೇ ಅದು ತಪ್ಪುತ್ತದೆ. ತಪ್ಪು ಬರೆದವನಿಗೆ "ಇಪ್ಪತ್ತು ಪದ್ಯ ಓದು" ಎಂದು ದಂಡ ವಿಧಿಸಿದರೆ ಅವನಿಗೆ ಕಾವ್ಯದಲ್ಲಿ ರುಚಿ ಹುಟ್ಟೀತೆ?

ಹಾಸ್ಯವೂ ಒಂದು ದಂಡನೆಯೆ. ದಪ್ಪಗಿರುವ ಹುಡುಗನಿಗೆ ಒಂದು ಹೆಸರು, ಸಣಕಲ ಹುಡುಗಿಗೆ ಇನ್ನೊಂದು ಹೆಸರು ಇಟ್ಟು ಮೈದಾನದಲ್ಲಿ ಕೂಗಿದರೆ ಆ ಮಕ್ಕಳು ಮರುದಿನ ಹೊಟ್ಟೆನೋವಿನ ಚೀಟಿ ತರುತ್ತಾರೆ. ಉಬ್ಬಸವಿರುವ ಮಗುವನ್ನು ಎಂದೆಂದಿಗೂ ನೆರಳಿನಲ್ಲಿ ಕೂರಿಸಬೇಕಾಗಿಲ್ಲ. ವೈದ್ಯರು ಕೊಟ್ಟ ಸೇದುವ ಔಷಧವನ್ನು ಬಳಿಯಲ್ಲಿಟ್ಟುಕೊಂಡು, ಮೈಯನ್ನು ನಿಧಾನವಾಗಿ ಬಿಸಿಮಾಡಿಕೊಂಡು ಅದೂ ಆಡಬಹುದು. ಓಡಲಾರದ ಮಗುವಿಗೆ ಎಸೆಯುವ, ಗುರಿಯಿಡುವ ಆಟಗಳಿವೆ. ತನ್ನ ನಿನ್ನೆಯ ಅಳತೆಗಿಂತ ಇಂದು ಒಂದು ಗೇಣು ಮುಂದೆ ಹೋದವನೇ ಗೆದ್ದವನು ಎಂಬ ಕ್ರಮವಿಟ್ಟರೆ ಸೋತು ಹಿಂದೆ ಸರಿಯುವವರು ಕಡಿಮೆಯಾಗುತ್ತಾರೆ.

ಹೆಣ್ಣುಮಕ್ಕಳು ಎಲ್ಲಿ ಹೋದರು?

ಆರನೆಯ ತರಗತಿಯವರೆಗೆ ಮೈದಾನದಲ್ಲಿ ಹುಡುಗಿಯರ ದನಿ ಹುಡುಗರಷ್ಟೇ ಕೇಳಿಸುತ್ತದೆ. ಒಂಬತ್ತನೆಯ ತರಗತಿಗೆ ಬರುವಷ್ಟರಲ್ಲಿ ಅವರು ಮರದ ಕೆಳಗೆ ಗುಂಪಾಗಿ ಕುಳಿತಿರುತ್ತಾರೆ. ಯಾರೂ ಅವರಿಗೆ ಆಡಬೇಡಿರೆಂದು ಅಪ್ಪಣೆ ಮಾಡಿರುವುದಿಲ್ಲ. ಉಡುಪು ಓಡಲು ಒದಗುವುದಿಲ್ಲ, ಹುಡುಗರು ಮೈದಾನದ ನಡುಭಾಗವನ್ನೆಲ್ಲ ಹಿಡಿದಿದ್ದಾರೆ, ಶೌಚಾಲಯದಲ್ಲಿ ನೀರಿಲ್ಲ, ಮನೆಯಲ್ಲಿ "ದೊಡ್ಡವಳಾದೆ, ಇನ್ನು ಕುಣಿದಾಟ ಸಾಕು" ಎಂಬ ಮಾತು. ಎಲುಬಿನ ಹಗೇವು ತುಂಬಬೇಕಾದ ಹಂಗಾಮಿನಲ್ಲಿಯೇ ಇವೆಲ್ಲ ಒಟ್ಟಿಗೆ ಸೇರಿ ಅವರನ್ನು ಕೂರಿಸಿಬಿಡುತ್ತವೆ.

ಮುಟ್ಟಿನ ದಿನಗಳಲ್ಲಿ ಆಡಬಾರದೆಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಮೈಗೆ ಹಿತವೆನಿಸುವಷ್ಟು ನಡಿಗೆ, ಆಟಗಳಿಂದ ಎಷ್ಟೋ ಮಂದಿಗೆ ಹೊಟ್ಟೆನೋವು ಕಡಿಮೆಯೇ ಆಗುತ್ತದೆ. ನೋವು ಹೆಚ್ಚಾಗಿದ್ದ ದಿನ ಕೂರುವ ಸ್ವಾತಂತ್ರ್ಯವೂ ಅವಳಿಗೆ ಇರಬೇಕು. ಕಾರಣ ಕೇಳಿ ಎಲ್ಲರೆದುರು ನಿಲ್ಲಿಸಬಾರದು. ಬಟ್ಟೆಯನ್ನಾಗಲಿ ಪ್ಯಾಡನ್ನಾಗಲಿ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಲು ಶಾಲೆಯಲ್ಲಿ ಬಾಗಿಲಿರುವ ಕೋಣೆ, ನೀರು, ಮುಚ್ಚಳದ ತೊಟ್ಟಿ ಇರಬೇಕು. ಸ್ರಾವ ಏಳು ದಿನಕ್ಕೂ ಮೀರಿ ನಡೆದರೆ, ಅಥವಾ ಗಂಟೆ ಎರಡು ಗಂಟೆಗೊಮ್ಮೆ ಬದಲಿಸುವಷ್ಟಿದ್ದರೆ ನಾಚದೆ ವೈದ್ಯರಿಗೆ ತಿಳಿಸಬೇಕು.

ಏಕೆಂದರೆ ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತ ಮೊದಲೇ ಕಡಿಮೆ. 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೂ ಅದೇ ವಯಸ್ಸಿನ ಹುಡುಗರಲ್ಲಿ ನೂರಕ್ಕೆ 31 ಮಂದಿಗೂ ರಕ್ತಹೀನತೆ ಕಂಡುಬಂದಿತು. ತರಗತಿಯಲ್ಲಿ ತೂಕಡಿಸುವವಳು, ಮಹಡಿ ಹತ್ತಿ ಏದುಸಿರು ಬಿಡುವವಳು, ಆಟವೆಂದರೆ "ನನಗಾಗದು ಸಾರ್" ಎನ್ನುವವಳು ಸೋಮಾರಿಯಾಗಿರಬೇಕಾಗಿಲ್ಲ. ಮಂಕರಿಯಿಂದ ಹಸಿ ಅಕ್ಕಿ ತೆಗೆದು ತಿನ್ನುವುದು, ಬಳಪವನ್ನೋ ಮಣ್ಣನ್ನೋ ತಿನ್ನುವ ಚಪಲ, ಇವು ಎಷ್ಟೋ ವೇಳೆ ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿರುವುದರ ಗುರುತು. ಬೈದು ಬಿಡಿಸುವ ಬದಲು ರಕ್ತಪರೀಕ್ಷೆ ಮಾಡಿಸಬೇಕು. ಶಾಲೆಗಳಲ್ಲಿ ವಾರಕ್ಕೊಂದರಂತೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನು ಕಿಟಕಿಯಾಚೆ ಎಸೆಯುವವರುಂಟು. ಊಟವಾದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ. ಮಲ ಕಪ್ಪಾದರೆ ಭಯಪಡಬೇಕಾದ್ದಿಲ್ಲ. ಜಂತುಹುಳುವಿನ ಮಾತ್ರೆಯನ್ನೂ ಕೊಟ್ಟ ದಿನ ತಪ್ಪದೆ ತೆಗೆದುಕೊಳ್ಳಬೇಕು. ಕೊಕ್ಕೆಹುಳು ರಕ್ತವನ್ನೇ ಹೀರುವ ಜೀವಿ.

ಊಟ ಬಲ್ಲವನಿಗೆ ರೋಗವಿಲ್ಲ

ಗಾದೆ ಎಲ್ಲರಿಗೂ ತಿಳಿದದ್ದೆ. ಹದಿಮೂರರಿಂದ ಹದಿನೈದರ ಮಗುವಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಸುಣ್ಣದ ಅಂಶ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, 200 ಮಿಲಿಲೀಟರಿನ ಒಂದು ಲೋಟ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಇದೆ. ಒಂದು ಹೊತ್ತು ಮುದ್ದೆ ಅಥವಾ ರಾಗಿರೊಟ್ಟಿ, ಒಂದು ಲೋಟ ಹಾಲು, ಒಂದು ಬಟ್ಟಲು ಮೊಸರು, ಒಂದು ಹಿಡಿ ಸೊಪ್ಪು ಇಷ್ಟಿದ್ದರೆ ಲೆಕ್ಕ ಬಹುಮಟ್ಟಿಗೆ ಸರಿಹೋಗುತ್ತದೆ. 2013ರಲ್ಲಿ ಕ್ಷೀರಭಾಗ್ಯ ಯೋಜನೆಯಿಂದ ನಮ್ಮ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಹಾಲು ಬಂದದ್ದು ಈ ದೃಷ್ಟಿಯಿಂದ ದೊಡ್ಡ ಸಂಗತಿ. ವಾಸನೆಯೆಂದು ಚೆಲ್ಲುವ ಮಕ್ಕಳಿಗೆ ಹಗೇವಿನ ಕಥೆ ಹೇಳಬೇಕು.

ಕಬ್ಬಿಣದ ಅಂಶಕ್ಕೆ ನುಗ್ಗೆಸೊಪ್ಪು, ದಂಟಿನಸೊಪ್ಪು, ಹುರುಳಿ, ಅಲಸಂದೆ, ತಿನ್ನುವವರಿಗೆ ಮೀನು ಮಾಂಸ. ಸೊಪ್ಪುಕಾಳುಗಳ ಕಬ್ಬಿಣ ಮೈಗೆ ಹತ್ತುವುದು ಕಷ್ಟ. ಅದರೊಡನೆ ನಿಂಬೆಹಣ್ಣಿನ ರಸವನ್ನೋ ನೆಲ್ಲಿಕಾಯನ್ನೋ ಸೀಬೆಹಣ್ಣನ್ನೋ ಸೇರಿಸಿದರೆ ಚೆನ್ನಾಗಿ ಹತ್ತುತ್ತದೆ. ಊಟದೊಡನೆ ಕಾಫಿ ಟೀ ಕುಡಿದರೆ ಹತ್ತುವುದು ಕಡಿಮೆಯಾಗುತ್ತದೆ. ಒಂದು ಗಂಟೆ ತಡೆದು ಕುಡಿಯಬಹುದು. ಹೆಸರುಕಾಳಿನ ಉಸಲಿಗೆ ನಿಂಬೆ ಹಿಂಡುವ ನಮ್ಮ ಅಡುಗೆಮನೆಯ ಪದ್ಧತಿ ನಾಲಗೆಗೂ ಸರಿ, ರಕ್ತಕ್ಕೂ ಸರಿ.

ಬೆಳಗಿನ ಬಸ್ಸು ತಪ್ಪುತ್ತದೆಂದೋ ಮನೆಪಾಠಕ್ಕೆ ಹೊತ್ತಾಯಿತೆಂದೋ ಬರಿಹೊಟ್ಟೆಯಲ್ಲಿ ಬರುವ ಮಕ್ಕಳು ಎಲ್ಲ ಶಾಲೆಗಳಲ್ಲಿಯೂ ಇದ್ದಾರೆ. ಪ್ರಾರ್ಥನೆಯ ಸಾಲಿನಲ್ಲಿ ಕಣ್ಣು ಕತ್ತಲೆ ಬಂದು ಬೀಳುವವರಲ್ಲಿ ಇವರೇ ಹೆಚ್ಚು. ರಾತ್ರಿಯ ಎರಡು ರೊಟ್ಟಿ, ಒಂದು ಬಾಳೆಹಣ್ಣು, ಒಂದು ಹಿಡಿ ಹುರಿಗಡಲೆ ಬೆಲ್ಲ, ಏನಾದರೂ ಸರಿ, ಹೊಟ್ಟೆಗೆ ಬಿದ್ದಿರಬೇಕು. ಅಂಗಡಿಯಲ್ಲಿ ನೇತಾಡುವ ಉಪ್ಪುಖಾರದ ಪೊಟ್ಟಣ ಇದಕ್ಕೆ ಬದಲಲ್ಲ.

ನಿದ್ರೆ ಮತ್ತು ಕಣ್ಣು

ಹದಿಮೂರರಿಂದ ಹದಿನೆಂಟರವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕು. ಹರೆಯದಲ್ಲಿ ಮೈಯೊಳಗಿನ ಗಡಿಯಾರ ತಾನಾಗಿಯೇ ಸ್ವಲ್ಪ ಹಿಂದೆ ಸರಿಯುತ್ತದೆ: ರಾತ್ರಿ ನಿದ್ರೆ ತಡವಾಗಿ ಬರುತ್ತದೆ, ಬೆಳಿಗ್ಗೆ ಏಳಲು ಕಷ್ಟವಾಗುತ್ತದೆ. ಅದರ ಮೇಲೆ ದಿಂಬಿನ ಪಕ್ಕದಲ್ಲಿ ಮೊಬೈಲು ಇದ್ದರೆ ನಿದ್ರೆ ಮತ್ತಷ್ಟು ಹಿಂದೆ ಹೋಗುತ್ತದೆ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ರೆಯಲ್ಲಿ. ನಡುರಾತ್ರಿಯವರೆಗೆ ಕೂರಿಸಿ, ನಾಲ್ಕಕ್ಕೆ ಎಬ್ಬಿಸಿ ಓದಿಸುವುದು ಸೋರುವ ಕೊಡಕ್ಕೆ ನೀರು ಸೇದಿದಂತೆ. ಮಲಗುವ ಒಂದು ಗಂಟೆ ಮೊದಲೇ ಮೊಬೈಲನ್ನು ನಡುಮನೆಯಲ್ಲಿ ಇಡುವ ಕಟ್ಟಳೆ ದೊಡ್ಡವರಿಗೂ ಅನ್ವಯಿಸಿದರೆ ಮಕ್ಕಳು ಒಪ್ಪುತ್ತಾರೆ.

ಕಣ್ಣಿಗೂ ಮೈದಾನ ಬೇಕು. ಚೀನಾ ದೇಶದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗಿನ ಬೆಳಕಿನಲ್ಲಿ ಆಟವಿಟ್ಟು ಮೂರು ವರ್ಷ ಪರೀಕ್ಷಿಸಿದರು. 2015ರಲ್ಲಿ ಪ್ರಕಟವಾದ ಅದರ ಫಲ ಹೀಗಿತ್ತು: ಎಂದಿನಂತೆ ಒಳಗೆ ಕುಳಿತವರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಸಮೀಪದೃಷ್ಟಿ ಬಂದರೆ, ಹೊರಗೆ ಆಡಿದವರಲ್ಲಿ ಸುಮಾರು 30 ಮಂದಿಗೆ ಬಂದಿತು.

ಮೈದಾನದಲ್ಲಿ ಅಪಾಯವಾದರೆ

ಮೂಗಿನಿಂದ ರಕ್ತ ಬಂದಾಗ ತಲೆಯನ್ನು ಹಿಂದಕ್ಕೆ ಬಾಗಿಸುವ ವಾಡಿಕೆ ಸರಿಯಲ್ಲ. ರಕ್ತ ಗಂಟಲಿಗೆ ಇಳಿಯುತ್ತದೆ. ಕೂರಿಸಿ, ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಬಿಡದೆ ಒತ್ತಿಹಿಡಿಯಬೇಕು. ಕಾಲು ಉಳುಕಿದರೆ ಒಡನೆಯೆ ಎಣ್ಣೆ ಹಚ್ಚಿ ನೀವಬಾರದು. ತಣ್ಣೀರಿನ ಬಟ್ಟೆಯನ್ನು ಇಟ್ಟು, ಹದವಾಗಿ ಪಟ್ಟಿ ಕಟ್ಟಿ, ಕಾಲನ್ನು ಎತ್ತರದಲ್ಲಿಟ್ಟು ವಿಶ್ರಾಂತಿ ಕೊಡಬೇಕು. ನಾಲ್ಕು ಹೆಜ್ಜೆ ಊರಲು ಆಗದಿದ್ದರೆ ಕ್ಷಕಿರಣದ ಚಿತ್ರ ತೆಗೆಸಬೇಕು. ತಲೆಸುತ್ತಿ ಬಿದ್ದವರನ್ನು ಅಂಗಾತ ಮಲಗಿಸಿ ಕಾಲನ್ನು ಮೇಲೆತ್ತಬೇಕು. ಪೂರ್ತಿ ಎಚ್ಚರವಾಗುವವರೆಗೆ ಬಾಯಿಗೆ ನೀರು ಹಾಕಬಾರದು. ಮೂರ್ಛೆರೋಗದ ಸೆಳೆತ ಬಂದರೆ ಕೈಗೆ ಬೀಗದಕೈ ಕೊಡುವುದರಿಂದ, ಬಾಯಿಗೆ ಚಮಚ ತುರುಕುವುದರಿಂದ ಪ್ರಯೋಜನವಿಲ್ಲ. ಎರಡನೆಯದರಿಂದ ಅಪಾಯವೂ ಉಂಟು. ಸುತ್ತಲಿನ ಕಲ್ಲು ಮುಳ್ಳು ಸರಿಸಿ, ಒಂದು ಮಗ್ಗುಲಿಗೆ ಹೊರಳಿಸಿ, ಐದು ನಿಮಿಷಕ್ಕೂ ನಿಲ್ಲದಿದ್ದರೆ ಆಸ್ಪತ್ರೆಗೆ ಸಾಗಿಸಬೇಕು. ಬರಿಗಾಲಲ್ಲಿ ಆಡುವ ಮಕ್ಕಳಿಗೆ 10 ಮತ್ತು 16ನೆಯ ವರ್ಷದ ಧನುರ್ವಾತದ ಚುಚ್ಚುಮದ್ದು ತಪ್ಪಬಾರದು. ರಾಯಚೂರು, ಕಲಬುರಗಿ, ಬಳ್ಳಾರಿಗಳ ಕಡೆ ಮಾರ್ಚ್ ಬಂತೆಂದರೆ ಆಟದ ಗಂಟೆಯನ್ನು ಬೆಳಗಿನ ಮೊದಲ ಗಂಟೆಗೆ ತರುವುದೇ ವಿವೇಕ.

ಪರೀಕ್ಷೆಯ ಮಾತು

ಕೊನೆಗೆ ಮೊದಲಿನ ಆಕ್ಷೇಪಕ್ಕೆ ಬರೋಣ. ಆಟಕ್ಕೆ ಹೊತ್ತು ಕೊಟ್ಟರೆ ಅಂಕ ಕಡಿಮೆಯಾಗುವುದಿಲ್ಲವೆ? 2010ರಲ್ಲಿ ಅಮೆರಿಕದ ರೋಗನಿಯಂತ್ರಣ ಕೇಂದ್ರವು ಶಾಲೆಯ ಆಟಪಾಠಗಳ ಸಂಬಂಧವನ್ನು ಕುರಿತ 50 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಅವುಗಳಲ್ಲಿ ಪರೀಕ್ಷಿಸಿದ ಸಂಬಂಧಗಳ ಪೈಕಿ ಅರ್ಧದಷ್ಟು ಓದಿಗೆ ಅನುಕೂಲವಾಗಿದ್ದುವು; ಉಳಿದವುಗಳಲ್ಲಿ ಹೆಚ್ಚಿನವು ಯಾವ ವ್ಯತ್ಯಾಸವನ್ನೂ ತೋರಿಸಲಿಲ್ಲ; ಪ್ರತಿಕೂಲವಾದವು ನೂರಕ್ಕೆ ಎರಡಕ್ಕಿಂತ ಕಡಿಮೆ. ವಾರಕ್ಕೆ ಎರಡು ಗಂಟೆ ಆಟವನ್ನು ಕಸಿದುಕೊಂಡು ಗಣಿತಕ್ಕೆ ಕೊಟ್ಟರೆ ಗಣಿತಕ್ಕೆ ಲಾಭವಾಗುತ್ತದೆ ಎಂಬ ನಂಬಿಕೆಗೆ ಆಧಾರ ಬಹಳ ತೆಳುವಾಗಿದೆ.

ಮೈ ಬಲಿತವನಿಗೆ ಬುದ್ಧಿ ಬಲಿಯದು ಎಂಬ ಮಾತಿಗೆ ಕನ್ನಡಿಗರ ನಡುವೆಯೇ ಉತ್ತರವಾಗಿ ಬಾಳಿದವರುಂಟು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಅಂಗಸಾಧನೆಯಲ್ಲಿ ದೇಶವಿದೇಶಗಳಲ್ಲಿ ಹೆಸರು ಪಡೆದ ಕೆ. ವಿ. ಅಯ್ಯರ್ ಅವರೇ "ಶಾಂತಲಾ", "ರೂಪದರ್ಶಿ" ಕಾದಂಬರಿಗಳ ಕರ್ತೃಗಳು. ದಂಡ ಬಸ್ಕಿ ಕಲಿಸಿದ ಕೈಯೇ ಹೊಯ್ಸಳ ರಾಣಿಯ ಕಥೆ ಬರೆಯಿತು.

2009ರ ಶಿಕ್ಷಣ ಹಕ್ಕಿನ ಕಾಯಿದೆ ಶಾಲೆಗೆ ಇರಲೇಬೇಕಾದವುಗಳ ಪಟ್ಟಿಯಲ್ಲಿ ಆಟದ ಮೈದಾನವನ್ನೂ ಸೇರಿಸಿದೆ. ಕಾಯಿದೆ ಮೈದಾನ ಕೊಡಬಲ್ಲದು. ಅಲ್ಲಿಗೆ ಮಕ್ಕಳನ್ನು ಕಳುಹಿಸಬೇಕಾದವರು ನಾವು. ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ: ವೇಳಾಪಟ್ಟಿಯಲ್ಲಿ ಆಟದ ಗಂಟೆಯ ಮುಂದೆ "ಬದಲಾಯಿಸತಕ್ಕದ್ದಲ್ಲ" ಎಂದು ಕೆಂಪು ಶಾಯಿಯಲ್ಲಿ ಬರೆಸಿ, ಹತ್ತನೆಯ ತರಗತಿಯ ಪಟ್ಟಿಯಲ್ಲಿ ಎರಡು ಸಲ ಗೆರೆ ಎಳೆಸಬೇಕು. ತಾಯ್ತಂದೆಯರಲ್ಲಿ ಒಂದು ವಿನಂತಿ: ಸಂಜೆ ಮಗಳು ಮನೆಗೆ ಬಂದಾಗ "ಎಷ್ಟು ಅಂಕ ಬಂತು?" ಎಂದು ಕೇಳುವಂತೆಯೇ "ಇವತ್ತು ಏನು ಆಡಿದೆ?" ಎಂದೂ ಕೇಳಬೇಕು. ಮಗನನ್ನು ಕೇಳುವುದಂತೂ ಇದ್ದೇ ಇದೆ. ಮಗಳನ್ನು ಮರೆಯದೆ ಕೇಳಬೇಕು.